ಮೊರದಲ್ಲಿ ಅಕ್ಕಿ, ಸ್ಕ್ರೀನಿನಲ್ಲಿ ಶ್ವಾಸಕೋಶ

ನಮ್ಮಜ್ಜಿ ಅಕ್ಕಿ ಆರಿಸುವುದನ್ನು ನೀವು ನೋಡಬೇಕಿತ್ತು. ಮೊರದ ಒಂದು ಬದಿಗೆ ಅಕ್ಕಿ ಗುಡ್ಡೆ ಹಾಕಿಕೊಳ್ಳುತ್ತಿದ್ದರು. ಒಂದೊಂದು ಹಿಡಿಯಷ್ಟನ್ನೇ ಬೆರಳಿನಿಂದ ತೆಳ್ಳಗೆ ಹರಡಿ, ಕಲ್ಲು, ನೆಲ್ಲು ಹೆಕ್ಕಿ, ಆರಿಸಿದ್ದನ್ನು ಇನ್ನೊಂದು ಬದಿಗೆ ಸರಿಸುತ್ತಿದ್ದರು. ನಡುವೆ ಯಾರೋ ಬಾಗಿಲು ಬಡಿದರು ಅಂತ ಎದ್ದು ಹೋಗಿ, ಅರ್ಧ ಗಂಟೆ ಮಾತಾಡಿ ಬಂದು ಕೂತರೂ ಎಲ್ಲಿಗೆ ನಿಂತಿತ್ತು ಅಂತ ಯೋಚಿಸಬೇಕಿರಲಿಲ್ಲ. ಮೊರವೇ ಹೇಳುತ್ತಿತ್ತು: ಈ ಕಡೆಯದು ಆಯಿತು, ಆ ಕಡೆಯದು ಬಾಕಿ.

ನನ್ನ ಕೆಲಸ ಏನು ಅಂತ ಮನೆಯವರಿಗೆ ಹೇಳಬೇಕಾದಾಗಲೆಲ್ಲ ಈ ಮೊರವೇ ನೆನಪಾಗುತ್ತದೆ. ವೈಟ್‌ಫೀಲ್ಡ್ ಕಡೆಯ ಒಂದು ಆಫೀಸಿನಲ್ಲಿ ಕೂತು, ರೇಡಿಯಾಲಜಿಸ್ಟ್‌ಗಳು ಎಕ್ಸ್‌ರೇ, ಸಿಟಿ, ಎಂಆರ್‌ಐ ನೋಡಿ ರಿಪೋರ್ಟ್ ಬರೆಯುವ ಸಾಫ್ಟ್‌ವೇರಿನ ಸ್ಕ್ರೀನ್ ವಿನ್ಯಾಸ ಮಾಡುತ್ತೇನೆ. "ಅಂದ್ರೆ ಡಾಕ್ಟ್ರಿಗೆ ಟಿವಿ ಮಾಡ್ತೀಯಾ?" ಅಂತ ಚಿಕ್ಕಪ್ಪ ಒಮ್ಮೆ ಕೇಳಿದ್ದರು. ಟಿವಿ ಅಲ್ಲ ಚಿಕ್ಕಪ್ಪ, ಮೊರ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಈ ಬರಹ ಒಂದು ರೀತಿಯಲ್ಲಿ ಅವರಿಗೇ.

ಈ ಕೆಲಸಕ್ಕೂ ನಮ್ಮ ಊರಿಗೂ ನಂಟು ಹಳೆಯದು. ಸ್ಕ್ಯಾನ್ ಯಂತ್ರ ಮಾಡುವ ಜಿಇ 2000ದಲ್ಲಿ ವೈಟ್‌ಫೀಲ್ಡಿನಲ್ಲಿ ತನ್ನ ಸಂಶೋಧನಾ ಕೇಂದ್ರ ತೆರೆಯಿತು. ಫಿಲಿಪ್ಸ್, ಸೀಮೆನ್ಸ್ ಕೂಡ ಇಲ್ಲಿವೆ. 2002ರಿಂದ ಬೆಂಗಳೂರಿನಲ್ಲಿ ಕೂತ ಡಾಕ್ಟರುಗಳು ಅಮೆರಿಕದ ಆಸ್ಪತ್ರೆಗಳ ರಾತ್ರಿ ಪಾಳಿಯ ಸ್ಕ್ಯಾನ್‌ಗಳನ್ನು ನೋಡುತ್ತಿದ್ದಾರೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ರಾತ್ರಿ ಒಂದು ಗಂಟೆ ಅಂದರೆ ನಮಗೆ ಬೆಳಗ್ಗೆ ಹನ್ನೊಂದೂವರೆ. ಅಲ್ಲಿ ನಿದ್ದೆಗಣ್ಣಿನ ಹೊತ್ತು, ಇಲ್ಲಿ ಎರಡನೇ ಕಾಫಿ ಆಗಿರುತ್ತದೆ. ದಣಿದ ಕಣ್ಣಿನ ಕೈಗೆ ಸ್ಕ್ಯಾನ್ ಕೊಡಬೇಡಿ ಅನ್ನುವುದೂ ಒಂದು ವಿನ್ಯಾಸವೇ, ಅಲ್ವಾ?

ಕಣ್ಣಿನಿಂದಲೇ ಶುರು ಮಾಡೋಣ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರಿನ ಆಸುಪಾಸಿನಷ್ಟು ಜಾಗವನ್ನು ಮಾತ್ರ ನಿಮ್ಮ ಕಣ್ಣು ನಿಜಕ್ಕೂ ಸ್ಪಷ್ಟವಾಗಿ ನೋಡುತ್ತದೆ. ಲೆಕ್ಕದಲ್ಲಿ ಹೇಳಿದರೆ ಸುಮಾರು 2 ಡಿಗ್ರಿ. ಉಳಿದದ್ದೆಲ್ಲ ಮಸುಕು. ಆದರೂ ಇಡೀ ಕೋಣೆ ಚೆನ್ನಾಗಿಯೇ ಕಾಣುತ್ತಿದೆ ಅನಿಸುತ್ತದೆ, ಯಾಕೆಂದರೆ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತಲೇ ಇರುತ್ತದೆ, ಮಿದುಳು ಆ ತುಣುಕುಗಳನ್ನು ಹೊಲಿಯುತ್ತಲೇ ಇರುತ್ತದೆ. ಹಾಗಾಗಿ ಎದೆಯ ಎಕ್ಸ್‌ರೇ ಒಂದನ್ನು "ಪೂರ್ತಿ ನೋಡಿದೆ" ಅಂತ ಯಾರಾದರೂ ಅಂದರೆ, ಅದರ ಮೇಲೆ ಅಲ್ಲಲ್ಲಿ ಹೆಬ್ಬೆರಳು ಊರಿದರು ಅಂತಲೇ ಅರ್ಥ.

ಹಾಗಂತ ಮಸುಕು ನೋಟ ದಂಡವಲ್ಲ. 1975ರಲ್ಲಿ ಅಮೆರಿಕದ ಹೆರಾಲ್ಡ್ ಕುಂಡೆಲ್ ಮತ್ತು ಕಾಲ್ವಿನ್ ನೋಡೀನ್ ರೇಡಿಯಾಲಜಿಸ್ಟ್‌ಗಳಿಗೆ ಎದೆಯ ಎಕ್ಸ್‌ರೇಗಳನ್ನು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಮಾತ್ರ ತೋರಿಸಿದರು. ಕಣ್ಣಿಗೆ ಒಂದು ಸಲ ಜಿಗಿಯುವುದಕ್ಕೂ ಸಮಯವಿಲ್ಲ. ಆದರೂ ಸುಮಾರು ನೂರಕ್ಕೆ 70ರಷ್ಟು ಸರಿ ಹೇಳಿದರು. ಬೇಕಾದಷ್ಟು ಹೊತ್ತು ನೋಡಲು ಬಿಟ್ಟಾಗ ಅದು 97ಕ್ಕೆ ಏರಿತು. ಮನೆಗೆ ಕಾಲಿಟ್ಟ ತಕ್ಷಣ "ಇಲ್ಲಿ ಏನೋ ಬದಲಾಗಿದೆ" ಅನಿಸುತ್ತದಲ್ಲ, ಹಾಗೆ. ಏನು ಅಂತ ಆಮೇಲೆ ಹುಡುಕುತ್ತೇವೆ. ಪಳಗಿದ ಡಾಕ್ಟರು ಮೊದಲ ನೋಟಕ್ಕೇ "ಇದು ಸರಿಯಿಲ್ಲ" ಅಂತ ಅರಿತು, ನಂತರ ಬೆರಳು ಊರುತ್ತಾ ಹೋಗುತ್ತಾರೆ.

ಇದನ್ನು ಓದುವ ಮೊದಲು ನಾವು ಮಾಡಿದ್ದ ಸ್ಕ್ರೀನ್ ನೆನೆಸಿಕೊಂಡರೆ ಈಗ ನಾಚಿಕೆ. ಚಿತ್ರ ಮೇಲಿನಿಂದ ಕೆಳಕ್ಕೆ ತುಂಡುತುಂಡಾಗಿ ಮೂಡುತ್ತಿತ್ತು. ಅದರ ಮೇಲೆ ರೋಗಿಯ ವಿವರದ ಡಬ್ಬ ಒಂದು ತೆರೆದುಕೊಳ್ಳುತ್ತಿತ್ತು. ಅದನ್ನು ಮುಚ್ಚುವ ಹೊತ್ತಿಗೆ ಆ ಮೊದಲ ನೋಟ ಹಾಳಾಗಿರುತ್ತಿತ್ತು. ಈಗ ಚಿತ್ರ ಪೂರ್ತಿ ಸಿದ್ಧವಾಗುವವರೆಗೆ ಹಿನ್ನೆಲೆಯಲ್ಲೇ ಕಾಯುತ್ತದೆ. ಬಂದರೆ ಒಂದೇ ಸಲ, ಪೂರ್ತಿಯಾಗಿ, ಮೈಮೇಲೆ ಏನೂ ಹೊದ್ದುಕೊಳ್ಳದೆ ಬರುತ್ತದೆ.

ಕುಂಡೆಲ್ ಮತ್ತು ಸಂಗಡಿಗರು 1978ರಲ್ಲಿ ಮಾಡಿದ ಇನ್ನೊಂದು ಕೆಲಸ ನನಗೆ ಇನ್ನೂ ಇಷ್ಟ. ಶ್ವಾಸಕೋಶದ ಗಂಟು, ಅಂದರೆ ಒಳಗೆ ಬೆಳೆದ ಸಣ್ಣ ಉಂಡೆ, ಕಣ್ತಪ್ಪಿದಾಗ ಕಣ್ಣು ಎಲ್ಲಿತ್ತು ಅಂತ ಅಳೆದರು. ತಪ್ಪುಗಳು ಮೂರು ಬಗೆಯವು ಅಂತ ಗೊತ್ತಾಯಿತು. ಸುಮಾರು ನೂರಕ್ಕೆ 30ರಲ್ಲಿ ಕಣ್ಣು ಗಂಟಿನ ಹತ್ತಿರ ಹೋಗಿಯೇ ಇರಲಿಲ್ಲ. 25ರಲ್ಲಿ ಹೋಗಿತ್ತು, ಆದರೆ ನಿಲ್ಲದೆ ದಾಟಿತ್ತು. ಉಳಿದ 45ರಲ್ಲಿ ಕಣ್ಣು ಗಂಟಿನ ಮೇಲೆ ಸಾಕಷ್ಟು ಹೊತ್ತು ನಿಂತಿತ್ತು, ನೋಡಿದವರು ಅದನ್ನು ಏನೂ ಅಲ್ಲ ಅಂತ ಬಿಟ್ಟಿದ್ದರು. ಮೊರದ ಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಬೆರಳೇ ಆಡದ ಮೂಲೆ. ಎರಡನೆಯದು ಅವಸರದಲ್ಲಿ ಸರಿಸಿದ ಹಿಡಿ. ಮೂರನೆಯದು ಕಲ್ಲನ್ನು ನುಚ್ಚು ಅಂದುಕೊಂಡದ್ದು.

ಇಂಜಿನಿಯರುಗಳಿಗೆ, ನನ್ನನ್ನೂ ಸೇರಿಸಿ, ಮೊದಲನೆಯದೇ ಪ್ರೀತಿ. ಕಣ್ಣು ಹೋಗಲಿಲ್ಲವಾ? ಬಾಣ ಹಾಕು, ಹೊಳೆಯಿಸು, ಸದ್ದು ಮಾಡು. ಆದರೆ ಲೆಕ್ಕ ನೋಡಿ, ದೊಡ್ಡ ಪಾಲು ಮೂರನೆಯದಕ್ಕೆ. ಅಲ್ಲಿ ಬಾಣದಿಂದ ಆಗುವುದು ಕಡಿಮೆ. ಕಲ್ಲೋ ನುಚ್ಚೋ ಅಂತ ಹೇಳಲು ಬೇರೆ ಸುಳಿವು ಬೇಕು. ಹೋದ ವರ್ಷದ ಸ್ಕ್ಯಾನಿನಲ್ಲಿ ಇದೇ ಜಾಗದಲ್ಲಿ ಏನಿತ್ತು? ರೋಗಿ ಬೀಡಿ ಸೇದುತ್ತಾರಾ? ಕೆಮ್ಮು ಎಷ್ಟು ದಿನದಿಂದ? ಬಹಳ ಕಡೆ ಈ ಮಾಹಿತಿ "ಎದೆ ನೋವು" ಎಂಬ ಎರಡು ಪದದ ಚೀಟಿಯಾಗಿ ಬರುತ್ತದೆ, ಇಲ್ಲವೇ ನಾಲ್ಕು ಕ್ಲಿಕ್ ಆಚೆ ಇನ್ನೊಂದು ಸಾಫ್ಟ್‌ವೇರಿನಲ್ಲಿ ಕೂತಿರುತ್ತದೆ. ಅದನ್ನು ಚಿತ್ರದ ಪಕ್ಕಕ್ಕೆ ತರುವುದು ಆಕರ್ಷಕ ಕೆಲಸವಲ್ಲ. ಆದರೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ ಅಂತ ನನ್ನ ಅಭಿಪ್ರಾಯ.

ಗೊರಿಲ್ಲಾ ಕಥೆ ನೀವು ಕೇಳಿರಬಹುದು. 2013ರಲ್ಲಿ ಟ್ರಾಫ್ಟನ್ ಡ್ರೂ, ಮೆಲಿಸಾ ವೋ, ಜೆರೆಮಿ ವುಲ್ಫ್ ಎಂಬ ಸಂಶೋಧಕರು 24 ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸಿಟಿ ಕೊಟ್ಟು ಗಂಟು ಹುಡುಕಲು ಹೇಳಿದರು. ಕೊನೆಯ ಕೇಸಿನಲ್ಲಿ ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವನ್ನು ಸೇರಿಸಿಟ್ಟಿದ್ದರು. 20 ಜನಕ್ಕೆ ಅದು ಕಾಣಲೇ ಇಲ್ಲ. ಇದನ್ನು "ಡಾಕ್ಟರುಗಳ ಬೇಜವಾಬ್ದಾರಿ" ಅಂತ ಹಂಚಿಕೊಂಡವರನ್ನು ನೋಡಿದ್ದೇನೆ. ಅದು ತಪ್ಪು. ಕಾಣದವರಲ್ಲಿ ಹೆಚ್ಚಿನವರ ಕಣ್ಣು ಗೊರಿಲ್ಲಾ ಇದ್ದ ಜಾಗದ ಮೇಲೇ ಬಿದ್ದಿತ್ತು. ಸಣ್ಣ, ಬಿಳಿ, ಗುಂಡಗಿನದನ್ನು ಹುಡುಕು ಅಂತ ಮನಸ್ಸಿಗೆ ಹೇಳಿಟ್ಟರೆ ಅದು ಉಳಿದದ್ದನ್ನು ಸೋಸಿ ಬಿಡುತ್ತದೆ. ಮೆಜೆಸ್ಟಿಕ್‌ನಲ್ಲಿ ನಿಮ್ಮ ಬಸ್ಸಿನ ನಂಬರ್ ಹುಡುಕುತ್ತಾ ಎದುರಿಗೆ ಬಂದ ಅತ್ತೆ ಮಗನನ್ನೇ ನೋಡದೆ ಹೋಗುತ್ತೀರಲ್ಲ, ಹಾಗೆ. ಆ ಸೋಸುವ ಗುಣ ಇಲ್ಲದಿದ್ದರೆ ಬಸ್ಸೂ ಸಿಗುತ್ತಿರಲಿಲ್ಲ.

ಇದರ ತಮ್ಮ ಒಬ್ಬನಿದ್ದಾನೆ. ಒಂದು ಕಲ್ಲು ಸಿಕ್ಕಿದ ಕೂಡಲೇ "ಸರಿ, ಸಿಕ್ತು" ಅಂತ ಮನಸ್ಸು ಸಡಿಲವಾಗುತ್ತದೆ, ಪಕ್ಕದ ಎರಡನೇ ಕಲ್ಲು ಉಳಿದುಬಿಡುತ್ತದೆ. ಪಕ್ಕೆಲುಬು ಮುರಿದದ್ದು ಕಂಡಿತು, ಅದೇ ಫಿಲ್ಮಿನಲ್ಲಿ ಶ್ವಾಸಕೋಶದ ಗಂಟು ತಪ್ಪಿತು. ಇದಕ್ಕೆ ಮದ್ದು ಅಂತ ರಿಪೋರ್ಟಿನಲ್ಲಿ ಅಂಗಾಂಗಗಳ ಪಟ್ಟಿ ಇಡುತ್ತಾರೆ: ಹೃದಯ, ಶ್ವಾಸಕೋಶ, ಮೂಳೆ, ಹೀಗೆ. ಒಳ್ಳೆಯದೇ. ಆದರೆ ಎಲ್ಲದರ ಮುಂದೂ ಮೊದಲೇ "ನಾರ್ಮಲ್" ಅಂತ ತುಂಬಿಟ್ಟ ಟೆಂಪ್ಲೇಟ್ ಕೊಟ್ಟರೆ ಪಟ್ಟಿ ಇದ್ದೂ ಇಲ್ಲದ ಹಾಗೆ.

ಈಗ ಸ್ಕ್ರೋಲ್ ವಿಷಯಕ್ಕೆ ಬರುತ್ತೇನೆ. ಸಾಫ್ಟ್‌ವೇರ್ ನಿಜಕ್ಕೂ ಗೆದ್ದದ್ದು ಇಲ್ಲಿ. ಹಿಂದೆ ಸಿಟಿ ಚಿತ್ರಗಳನ್ನು ದೊಡ್ಡ ಫಿಲ್ಮಿನ ಮೇಲೆ ಸಾಲುಸಾಲಾಗಿ ಅಚ್ಚು ಹಾಕಿ ಲೈಟ್ ಬಾಕ್ಸಿಗೆ ತೂಗು ಹಾಕುತ್ತಿದ್ದರು. ಯಾವ ಚಿತ್ರ ಎಲ್ಲಿ ಬರಬೇಕು ಎಂಬ ಏರ್ಪಾಡಿಗೆ ಈಗಲೂ "ಹ್ಯಾಂಗಿಂಗ್ ಪ್ರೋಟೋಕಾಲ್" ಅಂತಲೇ ಹೆಸರು. ತೂಗುವ ಫಿಲ್ಮ್ ಹೋದರೂ ಹೆಸರು ಮಾತ್ರ ತೂಗುತ್ತಿದೆ. ಈಗ ಒಂದು ಎದೆಯ ಸಿಟಿ ಅಂದರೆ ನೂರಾರು ಸ್ಲೈಸ್, ಎದೆಯನ್ನು ಬ್ರೆಡ್ಡಿನ ಹಾಗೆ ತೆಳ್ಳಗೆ ಕೊಯ್ದಂತೆ ಕಾಣುವ ಚಿತ್ರಗಳು. ಅವನ್ನು ಒಂದರ ಮೇಲೊಂದು ಪೇರಿಸಿ, ಮೌಸಿನ ಚಕ್ರ ತಿರುಗಿಸುತ್ತಾ ನೋಡುತ್ತಾರೆ.

ಇದರಿಂದ ಜಾಗ ಉಳಿಯುವುದು ಸಣ್ಣ ಮಾತು. ದೊಡ್ಡ ಮಾತು ಬೇರೆ. ಅಡ್ಡಕ್ಕೆ ಕೊಯ್ದ ಒಂದೇ ಸ್ಲೈಸಿನಲ್ಲಿ ರಕ್ತನಾಳವೂ ಬಿಳಿ ಚುಕ್ಕೆ, ಗಂಟೂ ಬಿಳಿ ಚುಕ್ಕೆ. ಆದರೆ ರಕ್ತನಾಳ ಕೊಳವೆಯಲ್ಲವೇ? ಸ್ಕ್ರೋಲ್ ಮಾಡಿದಾಗ ಆ ಚುಕ್ಕೆ ಮೆಲ್ಲಗೆ ಸರಿಯುತ್ತಾ, ಕವಲೊಡೆಯುತ್ತಾ ಮುಂದೆ ಸಾಗುತ್ತದೆ. ಗಂಟು ಇದ್ದಲ್ಲೇ ತಟ್ಟನೆ ಹುಟ್ಟಿ ತಟ್ಟನೆ ಮಾಯವಾಗುತ್ತದೆ. ಚಲನೆಯನ್ನು ಹಿಡಿಯುವುದು ನಮ್ಮ ಕಣ್ಣಿನ ಹುಟ್ಟುಗುಣ, ಮಸುಕು ನೋಟಕ್ಕೂ ಅದು ಸಿಗುತ್ತದೆ. ತಲೆಯಲ್ಲಿ ಹೋಲಿಸಿ ಹೋಲಿಸಿ ಮಾಡಬೇಕಿದ್ದ ಕೆಲಸವನ್ನು ಸ್ಕ್ರೋಲ್ ಕಣ್ಣಿಗೆ ಒಪ್ಪಿಸಿಬಿಟ್ಟಿತು. ಅದಕ್ಕೇ ಚಕ್ರ ತಿರುಗಿಸಿದಾಗ ಚಿತ್ರ ಒಂದು ಚೂರು ತಡೆದು ತಡೆದು ಬಂದರೂ ಡಾಕ್ಟರುಗಳು ಸಿಟ್ಟಾಗುತ್ತಾರೆ. ಮೊದಲು ಅದು ಅವರ ಅಸಹನೆ ಅಂದುಕೊಂಡಿದ್ದೆ. ತಡೆದರೆ ಚಲನೆ ಮುರಿಯುತ್ತದೆ, ಚಲನೆ ಮುರಿದರೆ ಗಂಟು ಮತ್ತೆ ಬರಿಯ ಚುಕ್ಕೆ.

ಡ್ರೂ ಅವರ ತಂಡವೇ 2013ರಲ್ಲಿ ಇನ್ನೊಂದು ಸಂಗತಿ ಗಮನಿಸಿತು. ಕೆಲವರು ಒಂದೊಂದು ಸ್ಲೈಸನ್ನೂ ಪೂರ್ತಿ ಸುತ್ತಿ ನೋಡಿ ಮುಂದಿನದಕ್ಕೆ ಹೋಗುತ್ತಾರೆ. ಇನ್ನು ಕೆಲವರು ಶ್ವಾಸಕೋಶದ ಒಂದು ಭಾಗದಲ್ಲಿ ಕಣ್ಣು ನೆಟ್ಟು, ಬೋರ್‌ವೆಲ್ ಗಾಡಿಯವರ ಹಾಗೆ ಮೇಲಿನಿಂದ ಕೆಳಗಿನವರೆಗೆ ಕೊರೆದು, ಆಮೇಲೆ ಪಕ್ಕದ ಭಾಗಕ್ಕೆ ಹೋಗುತ್ತಾರೆ. ಆ ಪ್ರಯೋಗದಲ್ಲಿ ಬೋರ್‌ವೆಲ್‌ನವರು ಹೆಚ್ಚು ಜಾಗ ನೋಡಿದರು, ಹೆಚ್ಚು ಗಂಟು ಹಿಡಿದರು. ಹಾಗಂತ ಎಲ್ಲರೂ ಕೊರೆಯಲೇಬೇಕು ಅಂತ ಸ್ಕ್ರೀನ್ ಹಟ ಹಿಡಿಯಬಾರದು, ನೋಡಿದ್ದು ಬರೀ 24 ಜನರನ್ನು.

ಬಣ್ಣ, ಬೆಳಕಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಿಟಿಯಲ್ಲಿ ಗಾಳಿಗೆ ಮೈನಸ್ 1000, ನೀರಿಗೆ 0, ಗಟ್ಟಿ ಮೂಳೆಗೆ 1000ದ ಆಚೆ ಈಚೆ ಅಂಕ ಕೊಡುತ್ತಾರೆ, ಅಂಕ ಏರಿದಷ್ಟೂ ಛಾಯೆ ಬಿಳಿ. ಅಷ್ಟೊಂದು ಬೂದು ಛಾಯೆಗಳನ್ನು ಒಟ್ಟಿಗೆ ಗುರುತಿಸುವುದು ಕಣ್ಣಿಗೆ ಆಗದು. ಅದಕ್ಕೇ ಬೇಕಾದ ತುಣುಕನ್ನಷ್ಟೇ ಹಿಗ್ಗಿಸಿ ನೋಡುವ "ವಿಂಡೋ" ಇದೆ: ಶ್ವಾಸಕೋಶಕ್ಕೆ ಒಂದು, ಮಿದುಳಿಗೆ ಒಂದು, ಮೂಳೆಗೆ ಒಂದು. ಅದು ಒಂದೇ ಕೀಲಿಗೆ ಸಿಗಬೇಕು. ಮಾನಿಟರಿನ ಬೂದು ಮೆಟ್ಟಿಲುಗಳನ್ನು ಮನುಷ್ಯರ ಕಣ್ಣಿಗೆ ಸಮಾನ ಅಂತರದಲ್ಲಿ ಕಾಣುವ ಹಾಗೆ ಜೋಡಿಸಲು ವೈದ್ಯಕೀಯ ಚಿತ್ರಗಳಿಗೆಂದೇ ಇರುವ ಡೈಕಾಮ್ ಎಂಬ ಮಾನದಂಡದಲ್ಲೇ ಲೆಕ್ಕವಿದೆ. ಕೋಣೆಯ ಬೆಳಕು 25ರಿಂದ 50 ಲಕ್ಸ್ ಸಾಕು ಅನ್ನುತ್ತಾರೆ, ಅಂದರೆ ಸಂಜೆ ದೀಪ ಹಚ್ಚುವ ಹೊತ್ತಿನ ಮಬ್ಬು. ಟ್ಯೂಬ್‌ಲೈಟ್ ಉರಿಯುತ್ತಾ, ಹಿಂದಿನ ಕಿಟಕಿ ಮಾನಿಟರಿನಲ್ಲಿ ಹೊಳೆಯುತ್ತಾ ಇದ್ದರೆ ಎಷ್ಟು ಲಕ್ಷದ ಮಾನಿಟರ್ ತಂದರೂ ಸುಮ್ನೆ.

ನೆನಪಿನ ವಿಷಯ ಮಾತ್ರ ಬೇಗ ಮುಗಿಯುವುದಲ್ಲ. ಒಂದು ಹೊತ್ತಿನಲ್ಲಿ ಮನಸ್ಸಿನ ಅಂಗೈಯಲ್ಲಿ ಹಿಡಿಯುವುದು ಸುಮಾರು ನಾಲ್ಕು ಸಂಗತಿ ಅಂತ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಅದಕ್ಕೂ ಮೊದಲು ಜಾರ್ಜ್ ಮಿಲ್ಲರ್ ಏಳು ಅಂದಿದ್ದರು. ಏಳೋ ನಾಲ್ಕೋ, ಅಂಗೈ ಚಿಕ್ಕದು. ಹಳೆಯ ಸ್ಕ್ಯಾನ್ ಬೇರೆ ಟ್ಯಾಬಿನಲ್ಲಿದ್ದರೆ ಗಂಟಿನ ಗಾತ್ರ, ಅಂಚು, ಜಾಗ ಮೂರನ್ನೂ ತಲೆಯಲ್ಲಿ ಹೊತ್ತುಕೊಂಡು ಈ ಟ್ಯಾಬಿಗೆ ಬರಬೇಕು. ದಾರಿಯಲ್ಲಿ ಒಂದು ಚೆಲ್ಲುತ್ತದೆ. ಪಕ್ಕಪಕ್ಕದಲ್ಲಿಟ್ಟು, ಒಂದನ್ನು ಸ್ಕ್ರೋಲ್ ಮಾಡಿದರೆ ಇನ್ನೊಂದೂ ಅದೇ ಮಟ್ಟಕ್ಕೆ ಬರುವ ಹಾಗೆ ಮಾಡಿದರೆ ಹೊರುವುದೇ ಬೇಡ. ರಿಪೋರ್ಟ್ ಟೈಪ್ ಮಾಡಲು ಕಣ್ಣು ಕೆಳಗಿಳಿಸುವುದೂ ಇದೇ ಜಾತಿಯ ಖರ್ಚು. ಮೈಕಿನಲ್ಲಿ ಹೇಳಿದರೆ ಕಣ್ಣು ಚಿತ್ರದ ಮೇಲೇ ಉಳಿಯುತ್ತದೆ. ಆದರೆ ಮೈಕ್ "ನೋ ಫ್ರ್ಯಾಕ್ಚರ್" ಅಂದದ್ದರಲ್ಲಿ "ನೋ" ನುಂಗಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

ಇನ್ನು ಫೋನು. ದಕ್ಷಿಣ ಬೆಂಗಳೂರಿನ ಒಂದು ಆಸ್ಪತ್ರೆಯ ರಿಪೋರ್ಟಿಂಗ್ ರೂಮಿನಲ್ಲಿ ಒಂದು ಮಧ್ಯಾಹ್ನ ಮೂಲೆಯಲ್ಲಿ ಕೂತಿದ್ದೆ. ಅಲ್ಲಿನ ರೇಡಿಯಾಲಜಿಸ್ಟ್ ಮೇಡಂ ಹೊಟ್ಟೆಯ ಸಿಟಿ ನೋಡುತ್ತಿದ್ದರು. ಟೆಕ್ನಿಷಿಯನ್ ಬಾಗಿಲಿನಲ್ಲಿ ತಲೆ ಹಾಕಿ, "ಮೇಡಂ, ಕಾಂಟ್ರಾಸ್ಟ್ ಕೊಡಬಹುದಾ, ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಇದೆ" ಅಂದ. ಅದಾದ ಮೇಲೆ ಸರ್ಜನ್ ಫೋನ್. ಆಮೇಲೆ ಯಾರದೋ ಎಂಆರ್‌ಐ ಫೋಟೋ ವಾಟ್ಸಾಪಿನಲ್ಲಿ. ಎಷ್ಟು ಸಲ ಅಂತ ಎಣಿಸುವುದನ್ನೇ ಬಿಟ್ಟೆ. ಪ್ರತಿ ಸಲವೂ ಅವರು ವಾಪಸ್ ಬಂದು, ಲಿವರ್‌ನಿಂದ ಮತ್ತೆ ಶುರು ಮಾಡುತ್ತಿದ್ದರು. "ಎಲ್ಲಿದ್ದೆ ಅಂತ ಡೌಟ್ ಬಂದ್ರೆ ಮೊದಲಿಂದ್ಲೇ ನೋಡೋದು. ಡೌಟೇ ಬರದಿದ್ರೆ ಅದು ಡೇಂಜರ್" ಅಂದರು.

ಅಜ್ಜಿಯ ಮೊರ ನೆನಪಾದದ್ದು ಆಗಲೇ. ವಾಪಸ್ ಬಂದು ಹೊಸ ರೂಪ ಮಾಡಿದೆವು: ಸ್ಕ್ರೋಲ್ ಪಟ್ಟಿಯ ಮೇಲೆ ನೋಡಿದ ಸ್ಲೈಸುಗಳಿಗೆ ಹಸಿರು ಬಣ್ಣ. ಬಹಳ ಹೆಮ್ಮೆಯಿಂದ ತೋರಿಸಿದೆ. ಮೇಡಂ ಒಪ್ಪಲಿಲ್ಲ. "ಸ್ಲೈಸ್ ನನ್ನ ಮುಂದೆ ಹಾದು ಹೋಯ್ತು ಅಂದ್ರೆ ನಾನು ನೋಡಿದೆ ಅಂತಲ್ಲ. ಹಸಿರು ಕಂಡ್ರೆ ನಾನೇ ನಂಬಿಬಿಡ್ತೀನಿ. ನಾಳೆ ಕೋರ್ಟಲ್ಲಿ ಕೇಸ್ ಆದ್ರೆ ಅದನ್ನೇ ತಂದು ತೋರಿಸ್ತಾರೆ." ಗೊರಿಲ್ಲಾ ಕಥೆಯನ್ನು ಓದಿದ್ದವನು ನಾನು, ಅದನ್ನು ನನಗೆ ನೆನಪಿಸಿದವರು ಅವರು. ಈಗ ಹಸಿರು ಇಲ್ಲ. ಎದ್ದು ಹೋದ ಕ್ಷಣದಲ್ಲಿ ತೆರೆದಿದ್ದ ಸ್ಲೈಸ್, ವಿಂಡೋ, ರಿಪೋರ್ಟಿನ ಸಾಲು, ಇಷ್ಟನ್ನು ಸ್ಕ್ರೀನ್ ನೆನಪಿಟ್ಟುಕೊಂಡು ಹಾಗೇ ವಾಪಸ್ ಕೊಡುತ್ತದೆ. ಉಳಿದದ್ದನ್ನು ಅವರೇ ತೀರ್ಮಾನಿಸುತ್ತಾರೆ.

ದಿನದ ಕೊನೆಯ ದಣಿವೂ ಅಳತೆಗೆ ಸಿಕ್ಕಿದೆ. ಎಲಿಜಬೆತ್ ಕೃಪಿನ್ಸ್ಕಿ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದ ಹಾಗೆ, ದಿನವಿಡೀ ಚಿತ್ರ ನೋಡಿದ ಮೇಲೆ ಹತ್ತಿರದ ವಸ್ತುವಿನ ಮೇಲೆ ಕಣ್ಣಿನ ಫೋಕಸ್ ಸಡಿಲವಾಗುತ್ತದೆ, ಮೂಳೆ ಮುರಿತ ಗುರುತಿಸುವುದೂ ಸ್ವಲ್ಪ ಕುಸಿಯುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 2015ರಲ್ಲಿ ಹಾಕಿದ ಲೆಕ್ಕದಂತೆ, ಎಂಟು ಗಂಟೆಯ ದಿನದಲ್ಲಿ ಒಬ್ಬ ರೇಡಿಯಾಲಜಿಸ್ಟ್ ಮೂರು ನಾಲ್ಕು ಸೆಕೆಂಡಿಗೆ ಒಂದು ಚಿತ್ರ ನೋಡಬೇಕು. ಇದಕ್ಕೆ ಸ್ಕ್ರೀನಿನಲ್ಲಿ ಮದ್ದಿಲ್ಲ. ಕೆಲಸ ಹಂಚುವವರು ಕೇಳಿಸಿಕೊಳ್ಳಬೇಕು.

ಅಪರೂಪದ ಕಲ್ಲಿನದು ಬೇರೆಯೇ ತೊಂದರೆ. ರೇಷನ್ ಅಕ್ಕಿಯಲ್ಲಿ ಕಲ್ಲು ಇದ್ದೇ ಇರುತ್ತದೆ ಅಂತ ಅಜ್ಜಿ ಹುಷಾರಾಗಿದ್ದರು. ಈಗ ಪ್ಯಾಕೆಟ್ ಸೋನಾ ಮಸೂರಿಯಲ್ಲಿ ವರ್ಷಕ್ಕೊಂದು ಕಲ್ಲು, ಅದು ನೇರ ಹಲ್ಲಿಗೇ. ಜೆರೆಮಿ ವುಲ್ಫ್ ತಂಡ 2005ರಲ್ಲಿ ಸಾಮಾನ್ಯ ಜನರಿಗೆ ಲಗೇಜ್ ಎಕ್ಸ್‌ರೇ ತರಹದ ಚಿತ್ರಗಳಲ್ಲಿ ವಸ್ತು ಹುಡುಕಲು ಕೊಟ್ಟಿತು. ಅರ್ಧಕ್ಕರ್ಧ ಚಿತ್ರಗಳಲ್ಲಿ ವಸ್ತು ಇದ್ದಾಗ ತಪ್ಪಿದ್ದು ನೂರಕ್ಕೆ 7. ನೂರರಲ್ಲಿ ಒಂದು ಚಿತ್ರದಲ್ಲಿ ಮಾತ್ರ ಇದ್ದಾಗ ತಪ್ಪಿದ್ದು 30. ಕಣ್ಣು ಅದೇ, ನಿರೀಕ್ಷೆ ಬೇರೆ. ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ಸಾವಿರ ಚಿತ್ರಕ್ಕೆ ಬೆರಳೆಣಿಕೆಯಷ್ಟು ಕ್ಯಾನ್ಸರ್. ನಡುನಡುವೆ, ಉತ್ತರ ಗೊತ್ತಿರುವ, ಕಲ್ಲು ಜಾಸ್ತಿ ಇರುವ ಒಂದು ಚಿಕ್ಕ ಕಂತನ್ನು ನೋಡಿಸಿ ಸರಿತಪ್ಪು ಹೇಳಿದರೆ ಕಣ್ಣು ಮತ್ತೆ ಚುರುಕಾಗುತ್ತದೆ ಅಂತ ಅದೇ ತಂಡ ಆಮೇಲೆ ಕಂಡುಕೊಂಡಿತು.

ಹಾಗಾದರೆ ದಣಿಯದ, ಬೇಜಾರಾಗದ ಎಐ ಇದೆಯಲ್ಲ? ಇದೆ. ಅದನ್ನು ಎಲ್ಲಿ ಕೂರಿಸಬೇಕು ಅನ್ನುವುದೇ ಪ್ರಶ್ನೆ. ಮ್ಯಾಮೊಗ್ರಾಮಿನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಅನುಮಾನದ ಜಾಗಕ್ಕೆ ಗುರುತು ಹಾಕುವ ಕಂಪ್ಯೂಟರಿಗೆ ಅಮೆರಿಕದಲ್ಲಿ 1998ರಲ್ಲೇ ಅನುಮತಿ ಸಿಕ್ಕಿತ್ತು. 2007ರಲ್ಲಿ ದೊಡ್ಡ ಅಧ್ಯಯನವೊಂದು ಅದರಿಂದ ನಿಖರತೆ ಹೆಚ್ಚಿಲ್ಲ, ಕಡಿಮೆಯಾಗಿದೆ ಅಂತ ಹೇಳಿತು. 2023ರಲ್ಲಿ ಜರ್ಮನಿಯ ಸಂಶೋಧಕರು 27 ರೇಡಿಯಾಲಜಿಸ್ಟ್‌ಗಳಿಗೆ ಮ್ಯಾಮೊಗ್ರಾಮಿನ ಜೊತೆ ಎಐ ಸಲಹೆ ಎಂದು ಹೇಳಿ ಉತ್ತರವನ್ನೂ ಕೊಟ್ಟರು, ಕೆಲವನ್ನು ಬೇಕೆಂದೇ ತಪ್ಪಾಗಿ. ಸಲಹೆ ಸರಿ ಇದ್ದಾಗ ಎಲ್ಲರೂ ಸುಮಾರು ನೂರಕ್ಕೆ 80ರಷ್ಟು ಸರಿ. ಸಲಹೆ ತಪ್ಪಿದ್ದಾಗ ಹೊಸಬರು 20ಕ್ಕೆ ಇಳಿದರು. ಬಹಳ ಅನುಭವಸ್ಥರೂ 45ರ ಹತ್ತಿರಕ್ಕೆ.

ಹಾಗಾಗಿ ಚಿತ್ರದ ಮೇಲೆ ಮೊದಲೇ ಕೆಂಪು ಚೌಕ ಹಾಕುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಆ ಮೊದಲ ನೋಟವನ್ನು ಚೌಕ ಕದಿಯುತ್ತದೆ. ಮಿದುಳಿನ ರಕ್ತಸ್ರಾವದಂಥ ಎಮರ್ಜೆನ್ಸಿ ಇದ್ದರೆ ಎಐ ಮೊದಲು ವರ್ಕ್‌ಲಿಸ್ಟ್, ಅಂದರೆ ನೋಡಲು ಬಾಕಿ ಇರುವ ಕೇಸುಗಳ ಪಟ್ಟಿ, ಮುಟ್ಟಲಿ, ಆ ಕೇಸನ್ನು ಸಾಲಿನ ಮುಂದಕ್ಕೆ ತರಲಿ. ಚಿತ್ರ ಮುಟ್ಟುವುದು ಆಮೇಲೆ. ನಾವು ಈಗ ಪರೀಕ್ಷಿಸುತ್ತಿರುವ ರೂಪದಲ್ಲಿ ಡಾಕ್ಟರು ಪೂರ್ತಿ ನೋಡಿ, ರಿಪೋರ್ಟ್ ಹೇಳಿ, ಸಹಿಯ ಕೀಲಿ ಒತ್ತಿದಾಗ ಮಾತ್ರ ಎಐ ಬಾಯಿ ಬಿಡುತ್ತದೆ. ಅದೂ ರಿಪೋರ್ಟಿನಲ್ಲಿ ಇಲ್ಲದ್ದೇನಾದರೂ ಅದಕ್ಕೆ ಕಂಡಿದ್ದರೆ. ಒಂದು ತೆಳು ವೃತ್ತ, ಅಷ್ಟೇ. ಶೇಕಡಾವಾರು ಅಂಕಿ ಇಲ್ಲ.

ಹೋದ ವಾರ ಮೇಡಂ ಮುಂದೆ ಇಟ್ಟೆವು. "ಒಂದು ಕ್ಲಿಕ್ ಜಾಸ್ತಿ ಆಯ್ತಲ್ಲಪ್ಪಾ" ಅಂತ ಗೊಣಗಿಕೊಂಡೇ ಶುರು ಮಾಡಿದರು. ಮೊದಲ ಕೇಸಿಗೆ ಸಹಿ ಒತ್ತಿದಾಗ ವೃತ್ತ ಮೂಡಿತು. ಎರಡು ಸಲ ಹಿಂದೆ ಮುಂದೆ ಸ್ಕ್ರೋಲ್ ಮಾಡಿ, "ವೆಸೆಲ್, ರಕ್ತನಾಳ ಅಷ್ಟೇ" ಅಂತ ತಳ್ಳಿಹಾಕಿದರು. ಎರಡನೆಯದಕ್ಕೆ ಏನೂ ಬರಲಿಲ್ಲ. ಮೂರನೆಯದರ ವೃತ್ತದ ಮೇಲೆ ಕೈ ನಿಂತಿತು. ಹೋದ ವರ್ಷದ ಸ್ಕ್ಯಾನನ್ನು ಪಕ್ಕಕ್ಕೆ ಎಳೆದುಕೊಂಡರು, ಮುಂದಕ್ಕೆ ಬಾಗಿದರು, ಆಮೇಲೆ ಮೈಕ್ ಎತ್ತಿಕೊಂಡು ರಿಪೋರ್ಟಿಗೆ ಒಂದು ಸಾಲು ಸೇರಿಸಿದರು.